ರಜೆ ದಿನಗಳಿಗೆ ಒಂದು ಮೊಗ್ಗು, ಒಂದು ನೂಲು

ವಸಂತದಲ್ಲಿ ಮೂರು-ನಾಲ್ಕು ದಿನ ಒಟ್ಟಿಗೆ ರಜೆ ಸಿಕ್ಕಿದರೆ, ಮೊದಲ ದಿನವೇ ಮನೆ ಹತ್ತಿರದ ಗಿಡದಲ್ಲಿ ಇನ್ನೂ ಬಿರಿಯದ ಒಂದು ಮೊಗ್ಗು ಹುಡುಕಿ, ಅದರ ಕೊಂಬೆಗೆ ಬಣ್ಣದ ನೂಲು ಸಡಿಲವಾಗಿ ಕಟ್ಟಿ. ಆಮೇಲೆ ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ಒಮ್ಮೆ, ಸಂಜೆ ಒಮ್ಮೆ ಅಲ್ಲಿಗೆ ಹೋಗಿ ಅದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಮಕ್ಕಳಿದ್ದರೆ ಚಿತ್ರ ಬರೆಯಲಿ, ಇನ್ನೂ ಚೆನ್ನ. ಉಳಿದ ಹೊತ್ತಿಗೆ ಪ್ಲಾನ್ ಬೇಡ. ದಿನಕ್ಕೆ ಎರಡು ಸಲ ಹೊರಗೆ ಹೋಗಲೇಬೇಕು ಅಂತಿದ್ದರೆ ರಜೆ ಸುಮ್ನೆ ಫೋನ್ ನೋಡುತ್ತಾ ಕರಗಿ ಹೋಗುವುದಿಲ್ಲ. ಮೊಗ್ಗೂ ಅಷ್ಟರಲ್ಲಿ ನಿಜವಾಗಿ ಬದಲಾಗುತ್ತದೆ: ಮೊದಲು ಮೊಗ್ಗನ್ನು ಹೊರಗಿಂದ ಮುಚ್ಚಿರುವ ಹಸಿರು ಪುಷ್ಪಪತ್ರ ಸಡಿಲವಾಗುತ್ತದೆ, ತುದಿಯಲ್ಲಿ ಗೆರೆಯಷ್ಟು ಬಣ್ಣ ಇಣುಕುತ್ತದೆ, ಆಮೇಲೆ ಸುತ್ತಿಕೊಂಡಿದ್ದ ಎಸಳು ಒಂದೊಂದೇ ಬಿಚ್ಚುತ್ತದೆ. ಬೆಳಿಗ್ಗೆ ಹೋದಾಗ ಹತ್ತು ನಿಮಿಷ ಮಾತಾಡದೆ ನಿಲ್ಲಿ. ಗೂಡು ಕಟ್ಟುವ ಕಾಲ ಅಲ್ವಾ, ಜೋಡಿ ಕರೆಯಲು, ತನ್ನ ಜಾಗ ಇದು ಅಂತ ಸಾರಲು ಹಕ್ಕಿಗಳು ಹಾಡುವುದು ಆ ಹೊತ್ತಲ್ಲೇ ಜಾಸ್ತಿ. ತೀರಾ ಎಳೆ ಮೊಗ್ಗು ಆರಿಸಿದರೆ ಇದು ಕೈಕೊಡುತ್ತದೆ, ಮೂರು ದಿನ ಆದರೂ ಅದು ಹಾಗೇ ಇರುತ್ತದೆ. ತುದಿ ಉಬ್ಬಿದ್ದನ್ನೇ ನೋಡಿ, ಗಾಳಿಗೆ ಒಂದು ಉದುರಿದರೂ ಇರಲಿ ಅಂತ ಎರಡು-ಮೂರಕ್ಕೆ ನೂಲು ಕಟ್ಟಿ. ಚಳಿ ಮರಳಿದರೆ ಮೊಗ್ಗು ತಡವಾಗುತ್ತದೆ, ಜೋರು ಮಳೆ ಗಾಳಿಯಲ್ಲಿ ಹಕ್ಕಿಗಳ ಹಾಡೂ ಕಡಿಮೆ. ಹತ್ತಿರ ಗಿಡವೇ ಇಲ್ಲದವರು ನೆನೆಸಿದ ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ನೋಡಬಹುದು. ಕೊನೆಯ ದಿನ ನೂಲು ಬಿಚ್ಚುವುದನ್ನು ಮರೆಯಬೇಡಿ, ಕೊಂಬೆ ದಪ್ಪ ಆದಂತೆ ಅದು ಬಿಗಿಯುತ್ತದೆ.