ಬೇಸ್ ಸಾಲದಿದ್ದರೆ ಮೊದಲು ಸ್ಪೀಕರ್ ಸರಿಸಿ, ಆಮೇಲೆ ದುಡ್ಡು ಖರ್ಚು ಮಾಡಿ

ಹಾಡಿನ ಬೇಸ್, ಅಂದರೆ ತಗ್ಗಿನ ದಪ್ಪ ಸ್ವರಗಳು, ಕಮ್ಮಿ ಅನ್ನಿಸಿದ ಕೂಡಲೇ ಬಹಳ ಜನ ದೊಡ್ಡ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ತಂದು, ಟಿವಿ ಪಕ್ಕ ಜಾಗ ಖಾಲಿ ಇದ್ದಲ್ಲಿ ಇಟ್ಟುಬಿಡುತ್ತಾರೆ. ಒಂದು ಸ್ವರ ಗುಂಯ್ ಅನ್ನುತ್ತದೆ, ಮಿಕ್ಕವು ಕೇಳಿಸುವುದೇ ಇಲ್ಲ. ತಪ್ಪು ಪೆಟ್ಟಿಗೆಯದ್ದಲ್ಲ, ಅದನ್ನಿಟ್ಟ ಜಾಗದ್ದು.

1. ವೈರ್ ನೋಡಿ. ಆಂಪ್ಲಿಫೈಯರ್ ಆಫ್ ಮಾಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಇರಬೇಕು. ಒಂದು ಸ್ಪೀಕರ್‌ಗೆ ಅದಲುಬದಲಾದರೂ, ಒಂದರ ಕೋನ್ (ಅದುರಿ ಸದ್ದು ಮಾಡುವ ಭಾಗ) ಮುಂದೆ ಬರುವಾಗ ಇನ್ನೊಂದರದು ಹಿಂದೆ ಹೋಗಿ ಬೇಸ್ ಅಲ್ಲೇ ಸಾಯುತ್ತದೆ. ದುಬಾರಿ ಕೇಬಲ್ ಬೇಡ, ಸಾಕಷ್ಟು ದಪ್ಪದ ಸಾದಾ ತಾಮ್ರದ ವೈರ್ ಸಾಕು.

2. ನೀವು ಕೂರುವ ಜಾಗ ಬದಲಿಸಿ. ಬಾನಿಯ ನೀರನ್ನು ಅತ್ತಿತ್ತ ಅಲುಗಿಸಿದರೆ ಅಂಚಿನಲ್ಲಿ ಏಳುತ್ತದೆ, ನಟ್ಟನಡುವೆ ಹೆಚ್ಚು ಏಳುವುದಿಲ್ಲ. ಕೋಣೆಯಲ್ಲಿ ಬೇಸ್ ಕಥೆಯೂ ಹೀಗೇ. ಕೋಣೆ ಸುಮಾರು 3.4 ಮೀಟರ್ ಉದ್ದವಿದ್ದರೆ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಹತ್ತಿರದ ಸ್ವರ ಗೋಡೆಯ ಬಳಿ ಉಬ್ಬುತ್ತದೆ, ನಡುವೆ ಮಾಯವಾಗುತ್ತದೆ. ಗೋಡೆಗೆ ತಲೆ ಆನಿಸಿ ಕೂರಬೇಡಿ, ಸರಿಯಾಗಿ ಮಧ್ಯದಲ್ಲೂ ಬೇಡ. ಕುರ್ಚಿಯನ್ನು ಒಂದೆರಡು ಅಡಿ ಸರಿಸಿ ನೋಡಿ. ಖರ್ಚಿಲ್ಲದೆ ಇಷ್ಟು ದೊಡ್ಡ ವ್ಯತ್ಯಾಸ ಬೇರೆ ಯಾವುದರಿಂದಲೂ ಬರುವುದಿಲ್ಲ.

3. ಸ್ಪೀಕರ್‌ಗಳನ್ನು ಗೋಡೆಯತ್ತ ತನ್ನಿ. ಹತ್ತಿರ ಬಂದಷ್ಟೂ ಬೇಸ್ ಜಾಸ್ತಿಯಾಗುತ್ತದೆ. ಗುಂಯ್‌ಗುಟ್ಟಿದರೆ ಒಂದು ಗೇಣು ಮುಂದಕ್ಕೆ. ಆಗಲೂ ಹೋಗದಿದ್ದರೆ, ಪೆಟ್ಟಿಗೆಯಲ್ಲಿ ಗಾಳಿ ಆಡಲು ಬಿಟ್ಟ ತೂತು (ಪೋರ್ಟ್) ಇದ್ದರೆ ಅದಕ್ಕೆ ಕಾಲುಚೀಲ ಸುತ್ತಿ ತುರುಕಿ. ಇದು ಅಗ್ಗದ ಉಪಾಯ, ಆದರೆ ಕೆಲಸ ಮಾಡುತ್ತದೆ.

ಇಷ್ಟಾದ ಮೇಲೂ ಸಾಲದಿದ್ದರೆ ಮಾತ್ರ ಸಬ್‌ವೂಫರ್ ಕೊಳ್ಳಿ. ಒಳ್ಳೆಯ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಅದೇ ಮೇಲು. ಕೋನ್ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಹಳೆಯ ಫೋಮ್ ಅಂಚು ಪುಡಿಪುಡಿಯಾಗಿ ಉದುರುತ್ತದೆ, ಅಂಥದ್ದು ಬೇಡ. ಡಬ್ಬದ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್) ಅಂತ ಬರೆದಿದ್ದರೆ ಆ ಅಂಕಿಯನ್ನು ನಂಬಲೇಬೇಡಿ, ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಪವರ್) ಎಷ್ಟು ಅಂತ ಕೇಳಿ.

4. ಸಬ್‌ವೂಫರ್‌ಗೆ ಜಾಗ ಹುಡುಕಿ. ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ಸಮಯ ಕೊಡಿ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ಇಡಿ. ಕುರ್ಚಿ ತಡೆಯುವಂತಿದ್ದರೆ ಅದರ ಮೇಲೆ, ಇಲ್ಲವಾದರೆ ಕುರ್ಚಿ ಸರಿಸಿ ಅಲ್ಲೇ ನೆಲದ ಮೇಲೆ. ಬೇಸ್ ಗಿಟಾರ್ ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿ ಇಳಿಯುವಂಥ ಹಾಡನ್ನು ಮತ್ತೆ ಮತ್ತೆ ಹಾಕಿ. ಬರೀ ಧಡ್ ಧಡ್ ಅನ್ನುವ ಹಾಡು ಬೇಡ, ಅದರಲ್ಲಿ ಏನೂ ಗೊತ್ತಾಗುವುದಿಲ್ಲ. ವಾಲ್ಯೂಮ್ ಸಾಧಾರಣ ಇರಲಿ.

ಈಗ ಮಂಡಿಯೂರಿ ಗೋಡೆಗುಂಟ ಸಾಗಿ. ಸಬ್‌ವೂಫರ್ ನಿಜವಾಗಿ ಇಡಬಹುದಾದ ಕಡೆಯಲ್ಲೆಲ್ಲ ಸ್ವಲ್ಪ ತಡೆದು, ಅಲ್ಲಿ ಅದನ್ನಿಟ್ಟರೆ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟಕ್ಕೇ ಕಿವಿ ತನ್ನಿ. ನಿಂತುಕೊಂಡು ಕೇಳಿದರೆ ಈ ಪರೀಕ್ಷೆ ಸುಳ್ಳಾಗುತ್ತದೆ. ಮೂಲೆಯಲ್ಲಿ ಒಂದೇ ಸ್ವರ ಉಬ್ಬಿ ಎದೆಗೆ ಬಡಿಯುತ್ತದೆ. ಎರಡು ಅಡಿ ಆಚೆ ಹೋದರೆ ಅದೇ ಸ್ವರ ತೆಳ್ಳಗಾಗುತ್ತದೆ. ಎಲ್ಲೋ ಒಂದು ಕಡೆ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಸಮ ಕೇಳಿಸುತ್ತವೆ, ಒಂದು ನಿಂತು ಇನ್ನೊಂದು ಶುರುವಾಗುವುದು ಬಿಡಿಬಿಡಿಯಾಗಿ ತಿಳಿಯುತ್ತದೆ. ಆ ಜಾಗವೇ ಬೇಕಾದ್ದು. ಜೋರಾಗಿ ಕೇಳಿಸುವ ಜಾಗ ಆರಿಸಬೇಡಿ, ಸಮವಾಗಿ ಕೇಳಿಸುವುದನ್ನು ಆರಿಸಿ. ಕೋಣೆಯಲ್ಲಿ ಶಬ್ದ ಇಲ್ಲಿಂದ ಅಲ್ಲಿಗೆ ಹೇಗೆ ಮುಟ್ಟುತ್ತದೋ ಅಲ್ಲಿಂದ ಇಲ್ಲಿಗೂ ಹಾಗೇ ಮುಟ್ಟುತ್ತದೆ. ಹಾಗಾಗಿ ಸಬ್‌ವೂಫರನ್ನು ಅಲ್ಲಿಗೆ ಒಯ್ದು ನೀವು ಕುರ್ಚಿಗೆ ಮರಳಿದರೆ ಅದೇ ಬೇಸ್ ಸಿಗುತ್ತದೆ.

5. ಕ್ರಾಸ್‌ಓವರ್ ಮತ್ತು ಫೇಸ್. ಕ್ರಾಸ್‌ಓವರ್ ಅಂದರೆ ಯಾವ ಸ್ವರದಿಂದ ಕೆಳಗಿನದನ್ನು ಸಬ್‌ವೂಫರ್‌ಗೆ ಬಿಡಬೇಕು ಅನ್ನುವ ಗೆರೆ, ಅದನ್ನು 80 ಹರ್ಟ್ಸ್‌ನಿಂದ ಶುರು ಮಾಡಿ. ತೀರಾ ಪುಟ್ಟ ಸ್ಪೀಕರ್‌ಗಳಾದರೆ 100 ಅಥವಾ 120 ಬೇಕಾಗಬಹುದು. ಆಗ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ಗೊತ್ತಾಗುತ್ತದೆ, ಸಬ್‌ವೂಫರ್ ಸ್ಪೀಕರ್‌ಗಳ ಹತ್ತಿರವೇ ಇರಲಿ. ನೀವು ಕೂತಿರಿ, ಇನ್ನೊಬ್ಬರಿಗೆ ಸಬ್‌ವೂಫರಿನ ಫೇಸ್ ಸ್ವಿಚ್ಚನ್ನು (ಅದರ ಕೋನ್ ಸ್ಪೀಕರ್‌ಗಳ ಜೊತೆ ಒಂದೇ ದಿಕ್ಕಿಗೆ ಅಲುಗುವಂತೆ ಹೊಂದಿಸುವುದು) 0ಯಿಂದ 180ಕ್ಕೆ ಬದಲಿಸಲು ಹೇಳಿ. ಬೇಸ್ ತುಂಬಿ ಬರುವ ಕಡೆ ಬಿಡಿ.

ಆಂಪ್ಲಿಫೈಯರಿನ ಬೇಸ್ ಗುಂಡಿಯನ್ನು ಸುಮ್ನೆ ತಿರುಗಿಸುತ್ತಾ ಹೋಗಬೇಡಿ. 10 ಡೆಸಿಬೆಲ್ ಏರಿಸಿದರೆ ಆ ಸ್ವರಗಳಿಗೆ 10 ಪಟ್ಟು ಪವರ್ ಬೇಕು. ಚಿಕ್ಕ ಆಂಪ್ಲಿಫೈಯರ್ ಅಷ್ಟು ಕೊಡಲಾರದೆ ಸದ್ದು ಒಡೆಯುತ್ತದೆ, ಟ್ವೀಟರ್ (ಮೇಲಿನ ಸ್ವರಗಳ ಪುಟ್ಟ ಸ್ಪೀಕರ್) ಸುಡಲೂಬಹುದು. ಈಕ್ವಲೈಸರ್ (ಸ್ವರಗಳನ್ನು ಬಿಡಿಬಿಡಿಯಾಗಿ ಏರಿಸಿ ಇಳಿಸುವ ಸೌಲಭ್ಯ) ಇದ್ದರೆ ಉಬ್ಬಿದ ಸ್ವರವನ್ನು ತಗ್ಗಿಸಿ, ಕಾಣೆಯಾದದ್ದನ್ನು ಏರಿಸಲು ಹೋಗಬೇಡಿ. ಗೋಡೆಗೆ ಅಂಟಿಸುವ ತೆಳು ಫೋಮ್ ಕೂಡ ಬೇಡ. ಅದು ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ. ಸುಮಾರು 7 ಮೀಟರ್ ಉದ್ದದ 50 ಹರ್ಟ್ಸ್ ಅಲೆಗೆ ಅದು ಲೆಕ್ಕಕ್ಕೇ ಇಲ್ಲ.

6. ಮಟ್ಟ ಹೊಂದಿಸಿ. ಗಂಡಸಿನ ದನಿಯ ಹಾಡು ಹಾಕಿ ಸಬ್‌ವೂಫರಿನ ವಾಲ್ಯೂಮ್ ನಿಧಾನವಾಗಿ ಏರಿಸಿ. ದನಿ ದಪ್ಪಗಾದ ಕೂಡಲೇ ಒಂದು ಚೂರು ಇಳಿಸಿ. ಎರಡು ಮೂರು ದಿನ ಬೇರೆ ಬೇರೆ ಹಾಡು ಕೇಳಿದ ಮೇಲೆ ಮತ್ತೆ ನೋಡಿ, ಬಹುಪಾಲು ಇನ್ನೂ ಸ್ವಲ್ಪ ಇಳಿಸಬೇಕಾಗುತ್ತದೆ.