ಪಾಲಕರ ಬಾಯಿ ಬಿಡಿಸಿದ ಕೈಬರಹದ ಪತ್ರಿಕೆ

ವರ್ಷದ ಕೊನೆಗೆ ಪಾಲಕರ ಅಭಿಪ್ರಾಯ ಕೇಳುವುದು ಅಂದರೆ ಏನು ನಡೆಯುತ್ತದೆ ಅಂತ ಮೇಷ್ಟ್ರುಗಳಿಗೆಲ್ಲ ಗೊತ್ತು. ಒಂದು ಫಾರ್ಮ್ ಹಂಚುತ್ತೇವೆ. ಹತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಚೌಕ. ಅಷ್ಟೂ ಫಾರ್ಮುಗಳು "ಅತ್ಯುತ್ತಮ"ಕ್ಕೆ ಟಿಕ್ ಬಿದ್ದು ವಾಪಸ್ ಬರುತ್ತವೆ. ಟಿಕ್ ಹಾಕಿದವನು ನಾಲ್ಕನೇ ತರಗತಿಯ ಹುಡುಗ. ಅಪ್ಪನ ಸಹಿಯೂ ಅವನದ್ದೇ. ಅದನ್ನು ಫೈಲಿಗೆ ಸೇರಿಸಿ, ಸಮಿತಿ ಸಭೆಯಲ್ಲಿ ಓದಿ, ಕೈ ತೊಳೆದುಕೊಳ್ಳುತ್ತೇವೆ.

ನಾನು ಮುಂಬಯಿಯ ಒಂದು ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯಲ್ಲಿ ಟೀಚರ್. 1ರಿಂದ 7ರವರೆಗೆ ಎಲ್ಲ ಸೇರಿ ಇನ್ನೂರರ ಒಳಗೆ ಮಕ್ಕಳು. ಮೊದಲೆಲ್ಲ ಹೋಟೆಲಿನವರ ಮಕ್ಕಳೇ ಜಾಸ್ತಿ ಇದ್ದರು. ಈಗ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ಕೆಲವು ಅಮ್ಮಂದಿರಿಗೆ ಸಹಿ ಹಾಕಲು ಮಾತ್ರ ಬರುತ್ತದೆ. "ಇವರಿಂದ ಅಭಿಪ್ರಾಯ ತೆಗೆಸೋದು ಆಗದ ಮಾತು. ಸುಮ್ನೆ ಫಾರ್ಮ್ ತುಂಬಿಸಿ ಇಟ್ಟುಬಿಡಿ ಟೀಚರ್" ಅಂತ ನಮ್ಮ ಹಿರಿಯ ಸರ್ ಹೇಳುತ್ತಲೇ ಇದ್ದರು. ಕಳೆದ ಎರಡು ವರ್ಷದಿಂದ ಅದು ಆಗುತ್ತಿದೆ. ಹೇಗೆ ಅಂತ ಬೇರೆ ಶಾಲೆಯವರು ಕೇಳಲು ಶುರು ಮಾಡಿದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ.

ನಮ್ಮಲ್ಲಿ ಮುಂಚಿನಿಂದಲೂ ವರ್ಷಾಂತ್ಯಕ್ಕೆ ಒಂದು ವಾರ್ತಾಪತ್ರ ಬರುತ್ತಿತ್ತು. ಆಫ್‌ಸೆಟ್ ಮುದ್ರಣ, ನುಣುಪು ಕಾಗದ. ಮುನ್ನೂರು ಪ್ರತಿಗೆ ಏಳೆಂಟು ಸಾವಿರ ಖರ್ಚು. ದುಡ್ಡು ಕೊಡುತ್ತಿದ್ದವರು ಹತ್ತಿರದ ಒಂದೆರಡು ಹೋಟೆಲಿನ ಧಣಿಗಳು. ದುಡ್ಡು ಕೊಟ್ಟ ಮೇಲೆ ಫೋಟೋ ಬೇಡವೇ? ಮೊದಲ ಪುಟ ಅವರಿಗೆ, ಎರಡನೆಯದು ಅತಿಥಿಗಳ ಭಾಷಣಕ್ಕೆ, ಮೂರನೆಯದು ಸ್ನೇಹ ಸಮ್ಮೇಳನದ, ಅಂದರೆ ಶಾಲಾ ವಾರ್ಷಿಕೋತ್ಸವದ ಚಿತ್ರಗಳಿಗೆ. ಮಕ್ಕಳು ಎಲ್ಲಿ? ಡಾನ್ಸ್ ಗುಂಪಿನ ಹಿಂದಿನ ಸಾಲಿನಲ್ಲಿ, ಅರ್ಧ ಮುಖ.

ಅದರ ಮೇಲೆ ಅಕ್ಷರದ ಗೋಳು. ಇಲ್ಲಿನ ಪ್ರೆಸ್‌ನವರಿಗೆ ಮರಾಠಿ, ಗುಜರಾತಿ ಕೈಹಿಡಿತ. ಕನ್ನಡ ಅಂದರೆ ಮುಖ ಕಿವುಚುತ್ತಾರೆ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟರೆ ಅವರ ಗಣಕದಲ್ಲಿ ಆ ಫಾಂಟ್ ಇರುವುದಿಲ್ಲ, ಪುಟದ ತುಂಬ ಕಾಗೆ ಕಾಲು. ಯೂನಿಕೋಡ್‌ನಲ್ಲಿ ಕೊಟ್ಟರೆ ಪುಟ ಜೋಡಿಸುವ ಅವರ ಹಳೇ ಪೇಜ್‌ಮೇಕರ್ ತಂತ್ರಾಂಶ ಒತ್ತಕ್ಷರಗಳನ್ನೆಲ್ಲ ಬಿಡಿಸಿ ಸಾಲಾಗಿ ಕೂರಿಸುತ್ತದೆ. ಒಂದು ವರ್ಷ "ವಿದ್ಯಾರ್ಥಿ" ಅನ್ನುವ ಪದ ಒಂದು ಕಡೆಯೂ ಸರಿಯಾಗಿ ಬರಲಿಲ್ಲ. ತಿದ್ದಿಸಲು ಮೂರು ಸಂಜೆ ಹಾಳು, ತಿದ್ದಿದ್ದಕ್ಕೆ ಬೇರೆ ದುಡ್ಡು.

ಆಮೇಲೆ ಗೂಗಲ್ ಫಾರ್ಮ್. ಖರ್ಚಿಲ್ಲ ಅಂತ ಎಲ್ಲರಿಗೂ ಖುಷಿ. ಬಂದ ಉತ್ತರ ಹತ್ತೋ ಹನ್ನೆರಡೋ. ಅದರಲ್ಲಿ ಅರ್ಧ ಕಾಲೇಜಿಗೆ ಹೋಗುವ ಅಣ್ಣಂದಿರು ತುಂಬಿದ್ದು.

ಪಾಲಕ ಸಭೆ ಇನ್ನೊಂದು ಕಥೆ. ಪ್ರತಿ ಸಭೆಯಲ್ಲೂ ಒಬ್ಬರೇ ಮಾತಾಡುತ್ತಾರೆ, ಪ್ರತಿ ಸಲವೂ ಅವರೇ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತ 2009ರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯಲ್ಲಿ ಬರೆದಿದೆ. ಇದ್ದಾರೆ ಕೂಡ. ಆದರೆ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತು, ಚಹಾ ಕುಡಿದು, ಎದ್ದು ಹೋಗುತ್ತಾರೆ.

ದಾರಿ ತೋರಿಸಿದ್ದು ಪ್ರಗತಿ ಪುಸ್ತಕ. ಅದರಲ್ಲಿ ನಾವು ಬರೆಯುವ ವರ್ಣನೆಯ ಟಿಪ್ಪಣಿ ಇದೆಯಲ್ಲ, ವಿಶೇಷ ಪ್ರಗತಿ, ಆಸಕ್ತಿ ಹವ್ಯಾಸ, ಸುಧಾರಣೆ ಅಗತ್ಯ, ಅದನ್ನು ಯಾರೂ ಓದುವುದಿಲ್ಲ. ಓದುವಂತೆ ನಾವೂ ಬರೆಯುವುದಿಲ್ಲ. "ಚಟುವಟಿಕೆಗಳಲ್ಲಿ ಉತ್ಸಾಹದಿಂದ ಭಾಗವಹಿಸುತ್ತಾನೆ" ಅಂತ ಒಂದೇ ವಾಕ್ಯವನ್ನು ಮೂವತ್ತು ಮಕ್ಕಳಿಗೆ ಬರೆದವರೇ ಎಲ್ಲ, ಅಲ್ವಾ? ನಾನು ಆ ಜಾಗಕ್ಕೆ ನಿಜವಾಗಿ ಕಂಡಿದ್ದನ್ನು ಬರೆಯಲು ಶುರು ಮಾಡಿದೆ. "ಖಿಚಡಿ ಬಡಿಸುವಾಗ ಸಾಲು ನಿಲ್ಲಿಸುವವಳು ಇವಳೇ." "ಏಳರ ಮಗ್ಗಿಯನ್ನು ಹಿಂದಿನಿಂದಲೂ ಹೇಳುತ್ತಾನೆ." ಒಬ್ಬ ಅಮ್ಮ ಅದನ್ನು ಮಗನ ಕೈಲಿ ಓದಿಸಿ, ಮತ್ತೊಮ್ಮೆ ಓದಿಸಿ, ಪಕ್ಕದವರನ್ನು ಕರೆದು ಇನ್ನೊಮ್ಮೆ ಓದಿಸಿದರು. ಪತ್ರಿಕೆ ಅಂದರೆ ಇದೇ ಆಗಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ಹಾಗಾಗಿ ಫೋಟೋ, ಭಾಷಣ, ಜಾಹೀರಾತು ಎಲ್ಲ ತೆಗೆದುಹಾಕಿದೆವು. ಎ3 ಹಾಳೆ ಒಂದು, ಮಡಚಿದರೆ ನಾಲ್ಕು ಪುಟ. ಶಾಲೆಯ ಪ್ರತಿ ಮಗುವಿನ ಹೆಸರೂ ಅದರಲ್ಲಿ ಒಮ್ಮೆಯಾದರೂ ಬರಲೇಬೇಕು, ಹೆಸರಿನ ಜೊತೆ ಒಂದು ಸುದ್ದಿ ಇರಲೇಬೇಕು. ಬರೆಯುವವರು 5, 6, 7ನೇ ತರಗತಿಯ ಮಕ್ಕಳು, ಕೈಬರಹದಲ್ಲಿ. ಫಾಂಟಿನ ಕಾಟ ಒಂದೇ ಏಟಿಗೆ ಮುಗಿಯಿತು.

ಕೈಬರಹಕ್ಕೂ ಅದರದ್ದೇ ಕಾಟ ಇದೆ. ಕಪ್ಪು ಜೆಲ್ ಪೆನ್ ಬಿಟ್ಟು ಬೇರೆ ಮುಟ್ಟಬೇಡಿ. ತಿಳಿ ನೀಲಿ ಜೆರಾಕ್ಸಿನಲ್ಲಿ ಮಾಯ. ಪೆನ್ಸಿಲ್ ಚಿತ್ರ ಮಸುಕು. ತಪ್ಪಾದ ಸಾಲಿನ ಮೇಲೆ ಬೇರೆ ಚೀಟಿ ಅಂಟಿಸಿದರೆ ಚೀಟಿಯ ಅಂಚು ಕಪ್ಪು ಗೆರೆಯಾಗಿ ಬೀಳುತ್ತದೆ. ಆ ಅಂಚಿಗೆ ವೈಟ್ನರ್ ಸವರಿ, ಪೂರ್ತಿ ಒಣಗಿದ ಮೇಲೆ ಯಂತ್ರಕ್ಕೆ ಕೊಡಬೇಕು. ಸುತ್ತ ಒಂದೂವರೆ ಸೆಂಟಿಮೀಟರ್ ಖಾಲಿ ಬಿಡದಿದ್ದರೆ ಕೊನೆಯ ಅಕ್ಷರ ಕತ್ತರಿಸಿಹೋಗುತ್ತದೆ. ಅಡಿಗೆ ಗೆರೆ ಹಾಕಿದ ಹಾಳೆ ಇಟ್ಟು ಬರೆಸಿ, ಇಲ್ಲದಿದ್ದರೆ ಸಾಲುಗಳು ಇಳಿಜಾರು ಹಿಡಿಯುತ್ತವೆ.

ದುಡ್ಡಿನ ಲೆಕ್ಕ: ಮೊದಲ ವರ್ಷ ಜೆರಾಕ್ಸ್ ಮಾಡಿಸಿದಾಗ ಎರಡೂ ಬದಿ ಸೇರಿ ಪ್ರತಿಗೆ ಎಂಟು ರೂಪಾಯಿ ಹತ್ತಿರ ಬಿತ್ತು. ಒಟ್ಟು ಸಾವಿರದ ಆರುನೂರರ ಆಸುಪಾಸು. ಎರಡನೇ ವರ್ಷ ರಿಸೋ ಯಂತ್ರಕ್ಕೆ ಹೋದೆ. ಪ್ರಶ್ನೆಪತ್ರಿಕೆ ಮುದ್ರಿಸುವವರ ಹತ್ತಿರ ಇರುತ್ತದಲ್ಲ, ಅದು. ಅರ್ಧಕ್ಕಿಂತ ಕಡಿಮೆಗೆ ಆಯಿತು. ಯಾವ ಗಲ್ಲಿ, ಯಾವ ಹೊತ್ತಿಗೆ ಹೋದರೆ ಆ ದರ ಸಿಗುತ್ತದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಎಲ್ಲರೂ ಹೋದರೆ ಅವನು ದರ ಏರಿಸುತ್ತಾನೆ.

ಇನ್ನು ಹೊತ್ತಿನ ವಿಷಯ. ಎಲ್ಲರೂ ಎಡವುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಫಲಿತಾಂಶ ಮೇ 1ಕ್ಕೆ, ಮಹಾರಾಷ್ಟ್ರ ದಿನದಂದು. ಪಾಲಕರು ಬರುತ್ತಾರೆ, ಆಗ ಕೇಳೋಣ ಅಂತ ಕೂತರೆ ಅರ್ಧ ಶಾಲೆ ಅಷ್ಟರಲ್ಲಿ ಊರು ಸೇರಿರುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಯಾದಗಿರಿಯವರು ಹೋದರು, ಮತ್ಸ್ಯಗಂಧದಲ್ಲಿ ಉಡುಪಿಯವರು ಹೋದರು. ಪ್ರಗತಿ ಪುಸ್ತಕ ಒಯ್ಯಲು ಪಕ್ಕದ ಮನೆಯವರು ಬರುತ್ತಾರೆ. 2025ರಲ್ಲಿ ಪರೀಕ್ಷೆಯನ್ನೇ ಏಪ್ರಿಲ್ 25ರ ತನಕ ಎಳೆದಾಗ ಆದ ಪರದಾಟ ನೆನಪಿರಬೇಕು.

ನಾನು ಮಾಡುವುದು ಇಷ್ಟು. ಫೆಬ್ರವರಿಯಲ್ಲೇ ಮಕ್ಕಳ ಹತ್ತಿರ ಊರಿಗೆ ಯಾವಾಗ ಅಂತ ಕೇಳಿ ಪಟ್ಟಿ ಮಾಡುತ್ತೇನೆ. ರೈಲು ಟಿಕೆಟನ್ನು ಮೊದಲು 120 ದಿನ ಮುಂಚೆ ತೆಗೆಯಬಹುದಿತ್ತು, 2024ರ ನವೆಂಬರ್‌ನಿಂದ 60 ದಿನ. ಹಾಗಾಗಿ ಏಪ್ರಿಲ್‌ನಲ್ಲಿ ಹೊರಡುವವರ ಮನೆಯಲ್ಲಿ ಫೆಬ್ರವರಿಗೆ ಟಿಕೆಟ್ ಮಾತು ನಡೆದಿರುತ್ತದೆ. ಜನರಲ್ ಡಬ್ಬಿಯಲ್ಲಿ ಹೋಗುವವರಿಗೆ ತಾರೀಖು ಕೇಳಿದರೆ ಗೊತ್ತಿರುವುದಿಲ್ಲ. ಅವರಿಗೆ "ನಿಮ್ಮೂರ ಜಾತ್ರೆ ಯಾವಾಗ?" ಅಂತ ಕೇಳಬೇಕು. ಮದುವೆ ಇದ್ದರೆ ಅದೂ ಬರುತ್ತದೆ. ಆ ಪಟ್ಟಿ ನೋಡಿ, ಮೊದಲ ಗುಂಪು ಹೊರಡುವ ಮುಂಚೆ ಪತ್ರಿಕೆ ಕೈಗೆ ಸಿಗುವಂತೆ ದಿನ ಇಡುತ್ತೇನೆ. ಒಂದೇ ದಿನ ಅಲ್ಲ, ಒಂದು ವಾರದಲ್ಲಿ ಹರಡಿದ ಹೊತ್ತುಗಳು. ಬೆಳಿಗ್ಗೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ನಾಕಾಗೆ ಹೋಗುವ ಮುಂಚೆ ಒಂದು, ಸಂಜೆ ಒಂದು.

ಪತ್ರಿಕೆಯನ್ನು ಮಕ್ಕಳ ಕೈಯಲ್ಲಿ ಮನೆಗೆ ಕಳಿಸುವುದಿಲ್ಲ. ಪಾಲಕರೇ ಬಂದು ತೆಗೆದುಕೊಳ್ಳಬೇಕು. ಮಗುವಿನ ಹೆಸರು ಅಚ್ಚಾಗಿದೆ ಅಂತ ಗೊತ್ತಾದ ಮೇಲೆ ಬರುತ್ತಾರೆ, ನೋಡುತ್ತಿರಿ. ಹಾಳೆ ಕೈಗೆ ಬಂದ ಕೂಡಲೇ ಹೆಸರು ಹುಡುಕುತ್ತಾ ನಿಲ್ಲುತ್ತಾರೆ. ಓದು ಬಾರದವರಿಗೆ 7ನೇ ತರಗತಿಯ ಹುಡುಗಿಯೋ ಹುಡುಗನೋ ಹುಡುಕಿ ಓದಿ ಹೇಳುತ್ತಾರೆ. ಓದಿ ಹೇಳಿದ ಮಗುವೇ ಅಲ್ಲೇ ಕೂರಿಸಿ ಎರಡು ಪ್ರಶ್ನೆ ಕೇಳುತ್ತದೆ. ಈ ವರ್ಷ ಮಗು ಮನೆಗೆ ಬಂದು ಹೇಳಿದ ಒಂದು ವಿಷಯ ಯಾವುದು? ಬರುವ ವರ್ಷ ಶಾಲೆಯಲ್ಲಿ ಒಂದೇ ಒಂದು ಬದಲಾಗಬೇಕು ಅಂದರೆ ಯಾವುದು? ಮೂರನೇ ಪ್ರಶ್ನೆ ಇಲ್ಲ.

ಟೀಚರುಗಳು ಆ ಕೋಣೆಯಲ್ಲಿ ಇರಬಾರದು. ಇದರ ಮೇಲೆ ಸ್ಟಾಫ್ ರೂಮಿನಲ್ಲಿ ದೊಡ್ಡ ಜಗಳವೇ ಆಯಿತು. "ಮಕ್ಕಳ ಮುಂದೆ ಶಾಲೆಯ ಮಾನ ಹೋಗುತ್ತದೆ" ಅಂದರು ಹಿರಿಯ ಸರ್. ನಾನು ಬಗ್ಗಲಿಲ್ಲ. ಬರೆದುಕೊಳ್ಳುವ ಮಕ್ಕಳಿಗೆ ಒಂದೇ ಅಪ್ಪಣೆ: ಹೇಳಿದ ಹಾಗೇ ಬರಿ, ತಿದ್ದಬೇಡ. ಚೀಟಿಯಲ್ಲಿ ಹೆಸರಿಲ್ಲ, ಚೀಟಿಯ ಬಣ್ಣದಿಂದ ಯಾವ ತರಗತಿ ಅಂತ ಮಾತ್ರ ಗೊತ್ತಾಗುತ್ತದೆ. ಮಕ್ಕಳು ಹೊರಗೆ ಹೋಗಿ ಬಾಯಿ ಬಿಡದಂತೆ ಮಾಡಲು ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ನಾನು ಕೇಳಿದರೆ "ಎಲ್ಲಾ ಚಲೋ ಐತ್ರಿ ಅಕ್ಕೋರ" ಅನ್ನುತ್ತಿದ್ದ ಒಬ್ಬ ತಾಯಿ ಚೀಟಿ ಬರೆಯುವ ಹುಡುಗಿಯ ಹತ್ತಿರ ಬರೆಸಿದ್ದು ಇದು: "ಬರ್ಕೋ ಯವ್ವಾ. ಸಂಡಾಸಿನ ಬಾಗಲಕ್ಕ ಚಿಲಕ ಇಲ್ಲ. ನಮ್ಮಾಕಿ ಸಾಲಿಗೆ ಬಂದ್ರ ಸಂಜೀತನ ನೀರ ಕುಡ್ಯಂಗಿಲ್ಲ." ಹತ್ತು ಪ್ರಶ್ನೆಯ ಫಾರ್ಮಿನಲ್ಲಿ ಶೌಚಾಲಯಕ್ಕೂ ಪ್ರತಿ ವರ್ಷ "ಅತ್ಯುತ್ತಮ" ಬೀಳುತ್ತಿತ್ತು. ಅದೇ ವಾರ ಚಿಲಕ ಹಾಕಿಸಿದೆವು. ನಾಲ್ಕು ಚಿಲಕ, ಬಡಗಿ ಕೂಲಿ ಸೇರಿ ಆರುನೂರೋ ಏಳುನೂರೋ ಆಯಿತು.

ಇನ್ನೊಂದು ಚೀಟಿ ಹೋಟೆಲಿನ ಅಪ್ಪನದು. "ಹೋಮ್‌ವರ್ಕ್ ವಾಟ್ಸಾಪಿನಲ್ಲಿ ಹಾಕ್ತಾರೆ. ಮೊಬೈಲು ನನ್ನ ಕೈಯಲ್ಲಿ. ನಾನು ಮನೆಗೆ ಬರುವಾಗ ರಾತ್ರಿ ಹನ್ನೊಂದು, ಮಗ ಮಲಗಿ ಆಗಿರ್ತದೆ." ಇದೇ ಅರ್ಥದ ಚೀಟಿಗಳು ಒಂದು ಹಿಡಿ ಇದ್ದವು. ಹೋಮ್‌ವರ್ಕ್ ಮತ್ತೆ ಬೋರ್ಡಿಗೆ, ಬೋರ್ಡಿನಿಂದ ಮಕ್ಕಳ ವಹಿಗೆ ಬಂತು. ಶಾಲೆ ಬಿಡುವ ಹೊತ್ತಿಗೇ ಚಾಳಿನ ನಲ್ಲಿಯಲ್ಲಿ ನೀರು ಬರುತ್ತದೆ, ಮಗುವನ್ನು ಕರೆಯಲು ಬರಲೋ ನೀರು ತುಂಬಿಸಲೋ ಅಂತ ಬರೆಸಿದವರೂ ಇದ್ದರು. ಅದಕ್ಕೆ ಏನೂ ಮಾಡಲಾಗಲಿಲ್ಲ, ಪಾಳಿಯ ವೇಳೆ ನಮ್ಮ ಕೈಯಲ್ಲಿಲ್ಲ. ಚಿಕ್ಕ ಮಕ್ಕಳನ್ನು ಅದೇ ಚಾಳಿನ ದೊಡ್ಡ ಮಕ್ಕಳ ಜೊತೆ ಕಳಿಸುವ ಏರ್ಪಾಡು ಮಾತ್ರ ಮಾಡಿದೆವು.

ಮರುವರ್ಷದ ಪತ್ರಿಕೆಯ ನಾಲ್ಕನೇ ಪುಟ ಪೂರ್ತಿ ಇದಕ್ಕೇ. ಎಡಗಡೆ ನೀವು ಹೇಳಿದ್ದು, ಬಲಗಡೆ ಆಗಿದ್ದು. ಆಗದ್ದಕ್ಕೆ "ಆಗಲಿಲ್ಲ" ಅಂತಲೇ ಬರೆದೆವು, ಕಾರಣ ಒಂದು ಸಾಲು. ಆ ಪುಟ ನೋಡಿದ ಮೇಲೆ ಎರಡನೇ ವರ್ಷ ಚೀಟಿ ಸುಮಾರು ನೂರೈವತ್ತು ಬಂದವು. ಮೊದಲ ವರ್ಷ ತೊಂಬತ್ತರ ಹತ್ತಿರ ಇತ್ತು. ಹಿರಿಯ ಸರ್ ಈಗ ತಮ್ಮದೊಂದು ಕವನ ಹಾಕಲು ಜಾಗ ಇದೆಯಾ ಅಂತ ಕೇಳುತ್ತಿದ್ದಾರೆ. ಇಲ್ಲ ಅಂದಿದ್ದೇನೆ.

ನಡುವೆ ಮಾಡಿ ನೋಡಿದ ಬೇರೆ ಪ್ರಯೋಗಗಳೂ ಇವೆ. ಮಹಾರಾಷ್ಟ್ರದ ಪಠ್ಯಪುಸ್ತಕ ಹೊರತರುವ ಬಾಲಭಾರತಿಯವರು 2023-24ರಲ್ಲಿ ಪುಸ್ತಕದೊಳಗೆ ಖಾಲಿ ಹಾಳೆ ಸೇರಿಸಿದ್ದರಲ್ಲ, ಅದರಲ್ಲಿ ತಿಂಗಳಿಗೊಂದು ಸಾಲು ಮನೆಯವರಿಂದ ಬರೆಸಿಕೊಂಡು ಬರಲು ಹೇಳಿದ್ದೆ. ಬಂದಿದ್ದು ಹಾಲಿನ ಲೆಕ್ಕ, ರೇಷನ್ ಪಟ್ಟಿ, ಯಾರದೋ ಫೋನ್ ನಂಬರು. ನಗು ಬಂತು, ಬಿಟ್ಟೆ. ವಾಟ್ಸಾಪಿನಲ್ಲಿ ದನಿ ಕಳಿಸಿ ಅಂದಾಗ ಒಳ್ಳೊಳ್ಳೆಯ ಮಾತು ಬಂತು, ಆದರೆ ಒಂದೊಂದೂ ನಾಲ್ಕು ನಿಮಿಷ, ಹಿಂದೆ ಮಿಕ್ಸರ್ ಸದ್ದು. ಕೇಳಿ ಬರೆದುಕೊಳ್ಳಲು ಒಂದು ಭಾನುವಾರ ಪೂರ್ತಿ ಹೋಯಿತು.

ಅದೇ ದಾರಿಯನ್ನು ತಿರುಗಿಸಿದಾಗ ಕೆಲಸ ಮಾಡಿತು. 6ನೇ ತರಗತಿಯ ಇಬ್ಬರಿಗೆ ಪತ್ರಿಕೆಯನ್ನು ರೇಡಿಯೋ ವಾರ್ತೆಯ ಹಾಗೆ ಓದಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಪಾಲಕರ ಗುಂಪಿಗೆ ಹಾಕಿದೆ. "ವಾರ್ತೆಗಳು, ಓದುತ್ತಿರುವವರು" ಅಂತ ಶುರು. ಏಳು ನಿಮಿಷ. ಶಹಾಪುರ ಕಡೆಯ ಒಬ್ಬ ಅಜ್ಜ ಮೊಮ್ಮಗನ ಹೆಸರು ಬರುವ ಜಾಗವನ್ನು ಮತ್ತೆ ಮತ್ತೆ ಹಾಕಿಸಿ ಕೇಳುತ್ತಾರೆ ಅಂತ ಸುದ್ದಿ ಬಂತು. ಸಾಧ್ಯವಾದರೆ ಬ್ಯಾಕ್‌ಗ್ರೌಂಡ್ ಸಂಗೀತ ಹಾಕಬೇಡಿ. ಅಗ್ಗದ ಫೋನಿನಲ್ಲಿ ಮಾತೇ ಕೇಳಿಸುವುದಿಲ್ಲ.

ಇನ್ನೂ ಪೂರ್ತಿ ಸಿಗದವರು ಹೋಟೆಲಿನ ಅಪ್ಪಂದಿರು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ರಾತ್ರಿ ಮತ್ತೆ ಊಟ. ಟೇಬಲ್ ಖಾಲಿ ಇರುವುದು ಮೂರರಿಂದ ನಾಲ್ಕೂವರೆ. ಈ ವರ್ಷ ನಾಲ್ಕು ಮಕ್ಕಳನ್ನು ಕರೆದುಕೊಂಡು ಪತ್ರಿಕೆ ಸಮೇತ ನಾವೇ ಅಲ್ಲಿಗೆ ಹೋಗುವ ಯೋಚನೆ ಇದೆ. ಮೊನ್ನೆ ಒಂದು ಹೋಟೆಲಿನ ಮ್ಯಾನೇಜರ್ ಹತ್ತಿರ ಮಾತಾಡಿದೆ. "ಮೂರೂವರೆಗೆ ಬನ್ನಿ ಟೀಚರೇ, ಹುಡುಗರನ್ನು ಕೂರಿಸಿ ಕೊಡ್ತೇನೆ, ಮಕ್ಕಳಿಗೆ ಬನ್ಸ್ ಚಹಾ ನಮ್ಮದೇ. ಆದ್ರೆ ಹೋಟೆಲಿನ ಹೆಸರು ನಿಮ್ಮ ಪೇಪರಿನಲ್ಲಿ ಒಂಚೂರು ಹಾಕಿ" ಅಂದರು. ಎರಡನೇ ಪುಟದ ಕೆಳಗೆ ಒಂದು ಸಾಲು ಕೊಡಬಹುದು ಅಂತ ಲೆಕ್ಕ ಹಾಕುತ್ತಿದ್ದೇನೆ. ಫೋಟೋ ಮಾತ್ರ ಇಲ್ಲ.