ಅತಿಮಧುರ ಅತಿಯಾದ ಚಳಿಗಾಲ

ಚಳಿಗಾಲದ ನೆಗಡಿ, ಕೆಮ್ಮಿಗೆ ಅಂತ ನಾರುಬೇರು ಹಿಡಿದು ಕೂರಲು ಶುರು ಮಾಡಿ ಏಳು ವರ್ಷ ಆಯಿತು. ಮೊದಲ ಎರಡು ವರ್ಷ ಎಲ್ಲ ಕಣ್ಣಂದಾಜು. ಒಂದು ತುಂಡು ಅದು, ಒಂದು ಚಿಟಿಕೆ ಇದು, ಪಾತ್ರೆ ತುಂಬ ನೀರು. ಕುದಿಸು, ಕುಡಿ. ಮೂರನೇ ವರ್ಷ ಒಂದು ಎಡವಟ್ಟು ಮಾಡಿಕೊಂಡೆ. ಅದರ ಕತೆಗೆ ಆಮೇಲೆ ಬರುತ್ತೇನೆ. ಆವತ್ತಿನಿಂದ ಗ್ರಾಂ ತೂಗುವ ಪುಟ್ಟ ತಕ್ಕಡಿ ಎದುರಿಗೆ ಇಲ್ಲದೆ ನಾನು ಕಷಾಯಕ್ಕೆ ಒಲೆ ಹಚ್ಚುವುದಿಲ್ಲ.

ಮೊದಲು ಕಷಾಯದ ಮಾತು. ಶುರುವಿನಲ್ಲಿ ಶುಂಠಿ, ಮೆಣಸು, ತುಳಸಿ ಎಲ್ಲವನ್ನೂ ಒಂದೇ ಸಲ ಹಾಕಿ ಕುದಿಸುತ್ತಿದ್ದೆ. ಅಡುಗೆಮನೆ ತುಂಬ ಘಮಘಮ. ಅದಕ್ಕೇ ಖುಷಿಪಡುತ್ತಿದ್ದೆ. ಲೋಟಕ್ಕೆ ಬರಬೇಕಾದದ್ದು ಮೂಗಿಗೆ ಹೋಗಿ ಮುಗಿಯುತ್ತಿದೆ ಎಂದು ಹೊಳೆಯಲು ತಡವಾಯಿತು. ತುಳಸಿಗೆ ಆ ವಾಸನೆ ಬರುವುದು ಯುಜೆನಾಲ್‌ನಂಥ ಹಾರಿಹೋಗುವ ಎಣ್ಣೆಗಳಿಂದ. ಮುಚ್ಚಳವಿಲ್ಲದೆ ಕಾಲು ಗಂಟೆ ಕುದಿಸಿದರೆ ಅವು ಆವಿಯ ಜೊತೆ ಹೊರಟುಹೋಗುತ್ತವೆ. ಬೇರಿನದು ಉಲ್ಟಾ. ಅದು ಗಟ್ಟಿ ಪಿಂಡ. ಸುಮ್ನೆ ಬಿಸಿನೀರು ಸುರಿದು ಐದು ನಿಮಿಷ ಬಿಟ್ಟರೆ ಬಣ್ಣ ಬಿಟ್ಟೀತು, ಸತ್ವ ಬಿಡುವುದಿಲ್ಲ. ಜಜ್ಜಬೇಕು, ಸಣ್ಣ ಉರಿಯಲ್ಲಿ ಬತ್ತಿಸಬೇಕು.

ಈಗ 400 ಮಿ.ಲೀ. ನೀರಿಗೆ 5 ಗ್ರಾಂ ಹಸಿ ಶುಂಠಿ, ನಾಲ್ಕು ಕಾಳುಮೆಣಸು ಹಾಕುತ್ತೇನೆ. ಶುಂಠಿಯನ್ನು ಹೆಚ್ಚುವುದಿಲ್ಲ, ಕುಟ್ಟಾಣಿಯಲ್ಲಿ ಜಜ್ಜುತ್ತೇನೆ. ನಾರು ಬಿಚ್ಚಿಕೊಂಡು ರಸ ಒಸರುವಷ್ಟು ಸಾಕು. ಮುದ್ದೆಯಾದರೆ ಸೋಸುವಾಗ ಜಾಲರಿ ಕಟ್ಟಿಕೊಳ್ಳುತ್ತದೆ. ಕುದಿ ಬಂದ ಮೇಲೆ ಉರಿ ಇಳಿಸಿ, ಅಂಚಿನಲ್ಲಿ ಮಾತ್ರ ಗುಳ್ಳೆ ಏಳುವ ಹಾಗೆ 15 ನಿಮಿಷ ಬಿಡುತ್ತೇನೆ. ಸುಮಾರು 250 ಮಿ.ಲೀ.ಗೆ ಇಳಿದಾಗ ಒಲೆ ಆರಿಸಿ, ಆರೇಳು ತುಳಸಿ ಎಲೆ ಕಿವುಚಿ ಹಾಕಿ ಮುಚ್ಚಳ ಮುಚ್ಚುತ್ತೇನೆ. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆಯುವಾಗ ಅದರ ಒಳಗೆ ನಿಂತ ಹನಿಗಳನ್ನೂ ಪಾತ್ರೆಗೇ ಕೊಡವುತ್ತೇನೆ. ಜಿಪುಣತನ ಅಂತ ಮನೆಯವರು ನಗುತ್ತಾರೆ. ತುಳಸಿಯ ಎಣ್ಣೆ ಒಂದಷ್ಟು ಆ ಹನಿಗಳಲ್ಲೇ ಇರುತ್ತದೆ ಅಲ್ವಾ?

ಆಯುರ್ವೇದದ ಕ್ವಾಥದ ಲೆಕ್ಕ ಇದಕ್ಕಿಂತ ಗಟ್ಟಿ. ಒಂದು ಪಾಲು ಒಣ ಮದ್ದಿಗೆ 16 ಪಾಲು ನೀರು, ಅದನ್ನು ಎಂಟನೇ ಒಂದು ಭಾಗಕ್ಕೆ ಬತ್ತಿಸುವುದು. ಅಷ್ಟು ಗಾಢವಾದದ್ದು ನಾಡಿ ನೋಡಿ ಕೊಡುವವರ ಕೈಯಲ್ಲಿರಲಿ. ನನ್ನದು ದಿನಾ ರಾತ್ರಿ ಕುಡಿಯುವ ತಿಳಿ ಕಷಾಯ.

ಒಣ ಶುಂಠಿಯಾದರೆ 1 ಗ್ರಾಂ ಮಾತ್ರ. ಹಸಿ ಶುಂಠಿಯ ಖಾರ ಜಿಂಜರಾಲ್‌ನದು. ಒಣಗುವಾಗ ಅದರಲ್ಲಿ ಒಂದಷ್ಟು ಶೋಗಾಲ್ ಆಗಿ ಬದಲಾಗುತ್ತದೆ, ಅದು ಇನ್ನೂ ಖಾರ. ನೀರೂ ಆರಿಹೋಗಿರುತ್ತದೆ. ಒಮ್ಮೆ ಹಸಿಯ ಅಳತೆಯಲ್ಲೇ ಒಣ ಶುಂಠಿ ಹಾಕಿ ಕುಡಿದು ಇಡೀ ರಾತ್ರಿ ಎದೆ ಹಿಡಿದುಕೊಂಡು ಕೂತಿದ್ದೆ. ಹಾರ್ಟ್ ಅಟ್ಯಾಕ್ ಅಂದುಕೊಂಡೆ. ಬರೀ ಎದೆಯುರಿ.

ಕಷಾಯ ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಜೇನು. ಇದು ರುಚಿಗಷ್ಟೇ ಅಲ್ಲ, ಕೆಮ್ಮಿಗೆ ಜೇನು ನಿಜಕ್ಕೂ ಆಗುತ್ತದೆ. ಸಾಮಾನ್ಯ ಕೆಮ್ಮಿಗೆ ಆ್ಯಂಟಿಬಯೋಟಿಕ್ ಬೇಡ, ಮೊದಲು ಜೇನು ನೋಡಿ ಎಂದು 2018ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ ಹೇಳಿತ್ತು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಒಂದು ಹನಿಯೂ ಕೂಡದು. ಬಾಟುಲಿಸಂ ಎಂಬ ಕೆಟ್ಟ ಕಾಯಿಲೆಯ ಭಯ ಇದೆ.

ಅರಿಶಿನದಲ್ಲಿ ನಾನು ವರ್ಷಗಟ್ಟಲೆ ಮೋಸ ಹೋದೆ. ಕೊಂಬನ್ನು ಕುಟ್ಟಿ ಬೇರೆ ಬೇರುಗಳ ಜೊತೆ ಕುದಿಸಿ ಸೋಸುತ್ತಿದ್ದೆ. ಹಳದಿ ನೀರು ಕುಡಿದು ಸಮಾಧಾನಪಡುತ್ತಿದ್ದೆ. ಅರಿಶಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ. ಅದರ ಹೆಚ್ಚಿನ ಪಾಲು ಜಾಲರಿಯಲ್ಲಿ ಉಳಿದ ಗಸಿಯಲ್ಲಿತ್ತು. ಗಸಿ ಗಿಡದ ಬುಡಕ್ಕೆ ಹೋಗುತ್ತಿತ್ತು. ಗಿಡಕ್ಕೆ ನೆಗಡಿ ಬರಲಿಲ್ಲ, ಪಾಪ. ಈಗ ಸೋಸಿದ ಮೇಲೆ ಅರ್ಧ ಚಮಚ ಪುಡಿಯನ್ನೇ ಕಲಸಿ, ತಳ ಸಮೇತ ಕುಡಿಯುತ್ತೇನೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3%. ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸು ಕೆಲಸಕ್ಕೆ ಬರುವುದು ಇಲ್ಲೇ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪೈಪರಿನ್ (ಕಾಳುಮೆಣಸಿಗೆ ಖಾರ ಕೊಡುವ ಅಂಶ) ಕೊಟ್ಟಾಗ ಹೀರಿಕೆ ಸುಮಾರು 20 ಪಟ್ಟು ಏರಿತ್ತು. ಕೇಳಲು ಭಾರಿ ಅನ್ನಿಸುತ್ತದೆ. ಮೊದಲು ಸೇರುತ್ತಿದ್ದದ್ದೇ ತೀರಾ ಸ್ವಲ್ಪ ಎನ್ನುವುದನ್ನು ಮರೆಯಬಾರದು. ಇನ್ನೊಂದು ವಿಷಯ: ಮೆಣಸು ಅರಿಶಿನಕ್ಕೆ ಮಾತ್ರ ಬಾಗಿಲು ತೆರೆಯುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಕೆಲವು ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ದಿನಾ ಮಾತ್ರೆ ನುಂಗುವವರು ಇದನ್ನೆಲ್ಲ ಶುರು ಮಾಡುವ ಮೊದಲು ಡಾಕ್ಟರಿಗೆ ಒಂದು ಮಾತು ಹೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಂತೂ ಖಂಡಿತ.

ಬೆಳ್ಳುಳ್ಳಿಯದು ಸಣ್ಣ ವಿಷಯ. ಜಜ್ಜಿ ಹತ್ತು ನಿಮಿಷ ಬಿಡಿ. ಅದರೊಳಗಿನ ಕಿಣ್ವ ಅಲಿಸಿನ್ ಎಂಬ ಘಾಟಿನ ಸತ್ವ ತಯಾರಿಸುವುದು ಜಜ್ಜಿದ ಮೇಲೆಯೇ. ಇಡೀ ಎಸಳನ್ನು ಬಿಸಿಗೆ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ.

ಇನ್ನು ಆ ಎಡವಟ್ಟು.

ಮೂರನೇ ವರ್ಷ ಗಂಟಲು ಕೆರೆತ ಬಿಡಲೇ ಇಲ್ಲ. ಅತಿಮಧುರದ ಬೇರು ತಂದೆ. ಕೆಲವರು ಜೇಷ್ಠಮಧು ಅನ್ನುತ್ತಾರೆ. ಬೆರಳುದ್ದದ ಕಡ್ಡಿ, ಹೊರಗೆ ಕಂದು, ಸೀಳಿದರೆ ಒಳಗೆ ಹಳದಿ ನಾರು. ಬಾಯಿಗಿಟ್ಟರೆ ಮೊದಲು ಕಟ್ಟಿಗೆ ಅಗಿದ ಹಾಗೆ, ಆಮೇಲೆ ನಾಲಗೆಯ ಬುಡದಲ್ಲಿ ನಿಧಾನಕ್ಕೆ ಸಿಹಿ ಹತ್ತುತ್ತದೆ, ಹೋಗುವುದೇ ಇಲ್ಲ. ಅದರಲ್ಲಿರುವ ಗ್ಲಿಸರೈಜಿನ್ ಎಂಬ ಅಂಶ ಸಕ್ಕರೆಗಿಂತ 30ರಿಂದ 50 ಪಟ್ಟು ಸಿಹಿ. ಗಂಟಲಿಗೆ ಎರಡೇ ದಿನದಲ್ಲಿ ಹಾಯೆನಿಸಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಬೇರು ತಾನೇ, ಏನಾಗುತ್ತದೆ ಅಂದುಕೊಂಡು ದಿನಾ ಎರಡು ಹೊತ್ತು ಕಷಾಯಕ್ಕೆ ಹಾಕಿದೆ. ಮಧ್ಯೆ ಮಧ್ಯೆ ಕಡ್ಡಿ ಅಗಿಯುತ್ತಿದ್ದೆ. ಹೀಗೆ ಐದು ವಾರ.

ಮೊದಲು ಗೊತ್ತಾದದ್ದು ಸಾಕ್ಸ್‌ನಿಂದ. ಸಂಜೆ ಬಿಚ್ಚಿದಾಗ ಕಾಲಿನ ಮೇಲೆ ಅದರ ಗೆರೆ ಆಳವಾಗಿ ಒತ್ತಿರುತ್ತಿತ್ತು. ಅರ್ಧ ಗಂಟೆಯಾದರೂ ಹೋಗುತ್ತಿರಲಿಲ್ಲ. ಆಮೇಲೆ ಬೆಳಗಿನ ತಲೆನೋವು. ಮೆಟ್ಟಿಲು ಹತ್ತಿದರೆ ತೊಡೆ ಸೋತುಹೋಗುತ್ತಿತ್ತು. ಬಿಪಿ ನೋಡಿಸಿದರೆ 156/98. ಎಂದೂ 125 ದಾಟದ ನನಗೆ! ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು, 3.5ರ ಮೇಲಿರಬೇಕು. ವರದಿ ಕೈಯಲ್ಲಿ ಹಿಡಿದು ಅವರು ಕೇಳಿದ್ದು ಒಂದೇ ಪ್ರಶ್ನೆ: "ದಿನಾ ಯಾವುದಾದರೂ ಸಿಹಿ ಬೇರು ತಿನ್ನುತ್ತಿದ್ದೀರಾ?" ನನ್ನ ಜೇಬಿನಲ್ಲಿ ಆಗಲೂ ಅರ್ಧ ಕಡ್ಡಿ ಇತ್ತು.

ಕಿಡ್ನಿಯಲ್ಲಿ ಕಾರ್ಟಿಸಾಲ್ ಹಾರ್ಮೋನನ್ನು ಸುಮ್ಮನಾಗಿಸುವ ಒಂದು ಕಿಣ್ವ ಇದೆಯಂತೆ. ಗ್ಲಿಸರೈಜಿನ್ ಅದರ ಕೈ ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್ ಉಪ್ಪು ಹಿಡಿದಿಡುವ ಹಾರ್ಮೋನಿನ ಕೆಲಸಕ್ಕೆ ಇಳಿಯುತ್ತದೆ. ಉಪ್ಪು, ನೀರು ಒಳಗೆ ಉಳಿಯುತ್ತವೆ, ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಪೊಟ್ಯಾಸಿಯಂ ಇನ್ನೂ ಇಳಿದಿದ್ದರೆ ಎದೆಬಡಿತ ತಾಳ ತಪ್ಪುತ್ತಿತ್ತು ಅಂದರು. ಯುರೋಪಿನ ತಜ್ಞರ ಸಮಿತಿ ದಿನಕ್ಕೆ 100 ಮಿ.ಗ್ರಾಂ ಗ್ಲಿಸರೈಜಿನ್ ಮಿತಿ ಹಾಕಿದೆ. ಮನೆಗೆ ಬಂದು ಲೆಕ್ಕ ಹಾಕಿದೆ. ನಾನು ದಿನಕ್ಕೆ ಕಮ್ಮಿಯೆಂದರೂ 6 ಗ್ರಾಂ ಬೇರು ಮುಗಿಸುತ್ತಿದ್ದೆ. ಅದರಲ್ಲಿ 5% ಇತ್ತು ಅಂದುಕೊಂಡರೂ 300 ಮಿ.ಗ್ರಾಂ. ಬೇರು ನಿಲ್ಲಿಸಿದ ಮೂರು ವಾರಕ್ಕೆ ಬಿಪಿ ಇಳಿಯಿತು. ಆ ವಾರವೇ ತಕ್ಕಡಿ ತಂದೆ.

ಆಮೇಲೆ ಬೇರೆಯವುಗಳನ್ನೂ ಅನುಮಾನದಿಂದ ನೋಡಲು ಕಲಿತೆ. ಅಶ್ವಗಂಧ ನನಗೆ ನಿದ್ದೆಗೆ ಒಗ್ಗಿತ್ತು. ಆದರೆ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳಿವೆ, ಥೈರಾಯ್ಡ್ ಇರುವವರಿಗೂ ಸರಿಯಲ್ಲ ಎಂದು ಓದಿ ಬಿಟ್ಟೆ. ಅಮೃತಬಳ್ಳಿಯ ಬಗ್ಗೆಯೂ ಲಿವರ್‌ನದೇ ದೂರು ಇದೆ. ಅದರ ಜೊತೆಗೆ ಗುರುತಿನ ಗೊಂದಲ ಬೇರೆ. ಅದನ್ನೇ ಹೋಲುವ ಇನ್ನೊಂದು ಬಳ್ಳಿಯ ಕಾಂಡದ ಮೇಲೆ ಮೊಡವೆಯಂಥ ಗಂಟುಗಳಿರುತ್ತವೆ. ಪುಡಿ ಮಾಡಿ ಡಬ್ಬಿಗೆ ಹಾಕಿದರೆ ಯಾವುದು ಯಾವುದೋ ಯಾರು ಬಲ್ಲರು? ಪುಡಿ ಕೊಳ್ಳುವುದನ್ನೇ ನಿಲ್ಲಿಸಿದೆ. ನೆಗಡಿಗೆ ಅಂತ ಮಾರುವ ವಿದೇಶಿ ಮೂಲಿಕೆ ಎಕಿನೇಶಿಯ ಒಂದು ಸೀಸನ್ ನೋಡಿದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2014ರ ಪರಿಶೀಲನೆ 24 ಪ್ರಯೋಗಗಳನ್ನು ಜಾಲಾಡಿ ಕಂಡದ್ದು ಅಲ್ಪಸ್ವಲ್ಪ ಲಾಭದ ಸೂಚನೆ ಅಷ್ಟೇ. ನನಗೆ ಅಷ್ಟೂ ಕಾಣಲಿಲ್ಲ.

ಹಾಗಾದರೆ ಇಷ್ಟೆಲ್ಲ ಮಾಡಿ ನೆಗಡಿ ಕಡಿಮೆಯಾಯಿತಾ? ನನ್ನ ನೋಟ್‌ಬುಕ್ ಹೇಳುವುದು ಬೇಸರದ ಉತ್ತರ. ವರ್ಷಕ್ಕೆ ಎರಡು, ಮೂರು, ಎರಡು, ಮತ್ತೆ ಮೂರು. ಕಷಾಯ ಕುಡಿದ ವರ್ಷಕ್ಕೂ ಕುಡಿಯದ ವರ್ಷಕ್ಕೂ ದೊಡ್ಡ ಅಂತರ ಇಲ್ಲ. ನೆಗಡಿ ತರುವ ವೈರಸ್‌ಗಳೇ 200ಕ್ಕೂ ಜಾಸ್ತಿ, ಒಂದು ಲೋಟ ಶುಂಠಿ ನೀರು ಎಷ್ಟನ್ನು ತಡೆದೀತು? ಬದಲಾದದ್ದು ಬಂದ ನೆಗಡಿಯನ್ನು ಕಳೆಯುವ ರೀತಿ. ಗಂಟಲು ಬೇಗ ಸಡಿಲಾಗುತ್ತದೆ, ರಾತ್ರಿ ಕೆಮ್ಮು ಕಮ್ಮಿ, ನಿದ್ದೆ ಬರುತ್ತದೆ. ಪುಟ ತಿರುವಿದರೆ ಇನ್ನೊಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಪ್ರತಿ ನೆಗಡಿಯ ಹಿಂದಿನ ವಾರ "ತಡರಾತ್ರಿ ಕೆಲಸ" ಎಂದು ಬರೆದಿದೆ. 2015ರಲ್ಲಿ 164 ಜನರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಬಿಟ್ಟು ಒಂದು ಪ್ರಯೋಗ ಮಾಡಿದ್ದರು. ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಹಿಡಿಯುವ ಸಂಭವ, ಏಳು ಗಂಟೆ ಮೀರಿ ಮಲಗುವವರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಹಾಗಾಗಿ ಕಷಾಯದ ಹೊತ್ತನ್ನು ರಾತ್ರಿ ಎಂಟೂವರೆಗೆ ಇಟ್ಟುಕೊಂಡಿದ್ದೇನೆ. ಲೋಟ ತೊಳೆದಿಟ್ಟ ಮೇಲೆ ಕಂಪ್ಯೂಟರ್ ಮುಟ್ಟುವುದಿಲ್ಲ.

ಅತಿಮಧುರವನ್ನು ಪೂರ್ತಿ ಬಿಟ್ಟಿಲ್ಲ. ಗಂಟಲು ಕೆರೆದಾಗ 1 ಗ್ರಾಂ, ಮೂರು ದಿನ, ಆಮೇಲೆ ಮುಟ್ಟುವುದಿಲ್ಲ. ಡಬ್ಬಿಯ ಮೇಲೆ ಟೇಪ್ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: "ಬಿಪಿ ಇರುವವರು, ಬಸುರಿಯರು ಮುಟ್ಟಬೇಡಿ." ಅದರ ಕೆಳಗೆ ಮನೆಯವರು ಪೆನ್ಸಿಲಿನಲ್ಲಿ ನನ್ನ ಹೆಸರನ್ನೂ ಸೇರಿಸಿದ್ದಾರೆ.